ಕಿಟ್ಟ

ಬೆಲೆಪಟ್ಟಿ ಎರಡೇ ಉಳಿದಿದ್ದವು ಮೇಜಿನ ಮೇಲೆ.
ಒಂದು ಇಟಲಿಯ ಹೊಸ ಪ್ರೆಸ್ಸು:
ಬಾಗಿಲಿಲ್ಲದ ಬಿಳಿ ಪೆಟ್ಟಿಗೆ, ಒಳಗೇನಿದೆಯೆಂದು
ಕೊಂಡವರೂ ಕೇಳುವಂತಿಲ್ಲ, ಕರಾರಿನ ಹದಿನೇಳನೇ ಕಲಮು.
ಇನ್ನೊಂದು ಎಲ್ಲೋ ಮುಚ್ಚಿದ ಗಿರಣಿಯದು,
ಮೂವತ್ತು ವರ್ಷ ದುಡಿದದ್ದು, ಎಣ್ಣೆ ಸೋರುವಂಥದು,
ಜೊತೆಗೊಂದು ಟ್ರಂಕಿನ ತುಂಬ ನೀಲಿನಕ್ಷೆ.

"ಯಾ ನಿಜ್‌ಗೂನ್, ನೀನಾದರೆ ಯಾವುದು ತರುತ್ತೀ?"
ಕೇಳಿದಳು ಮೌಜಾ ಅಲ್ ಮಕ್ಬಾಲಿಯ,
ಸೋಹಾರಿನವಳೇ, ಹೆಲ್ಮೆಟ್ಟಿನಡಿ ಕಪ್ಪು ಶೇಲಾ.
ನಿಜಗುಣ ನನ್ನ ಹೆಸರು.
ತಿದ್ದುವುದು ಬಿಟ್ಟು ಹನ್ನೊಂದು ವರ್ಷವಾಯಿತು.

ಏನು ಹೇಳಲಿ?
ಹರಿಹರದಲ್ಲಿ, ಹೊಳೆದಂಡೆಯ ಶೆಡ್ಡಿನಲ್ಲಿ
ನಾವೂ ಹೊರಗಿನದೊಂದನ್ನು ಬಿಚ್ಚಿ ಹರವಿದ್ದೆವು
ಗೋಣಿತಾಟಿನ ಮೇಲೆ, ಮದುವೆಮನೆ ಪಾತ್ರೆ ಎಣಿಸುವ ಹಾಗೆ.
ಮೂರು ವರ್ಷ ಬೇಕಾಯಿತು ಒಂದು ಗೇರಿಗೆ.
ಮೊದಲನೆಯದು ಮೂರು ದಿನ ಬಾಳಲಿಲ್ಲ.
ಇಪ್ಪತ್ತನೆಯದು ಹೇಗೋ ಮಳೆಗಾಲ ದಾಟಿತು.
ನಲವತ್ತನೆಯದನ್ನು ಮೇಸ್ತ್ರಿ ಗದಿಗೆಯ್ಯ
ಕಿವಿಗೆ ಹಿಡಿದು ತಟ್ಟಿದ, ಗಡಿಗೆ ಕೊಳ್ಳುವವರ ಹಾಗೆ,
ಏನೂ ಅನ್ನದೆ ಬೀಡಿ ಹಚ್ಚಿದ.
ಅದೇ ಪಾಸು.

ನಾವು ಕಲಿತು ಮುಗಿಸುವ ಹೊತ್ತಿಗೆ
ಲೋಕ ಆ ಗೇರನ್ನೇ ಬಿಟ್ಟು ಮುಂದೆ ಹೋಗಿತ್ತು.
ಶೆಡ್ಡಿಗೆ ಬೀಗ ಬಿತ್ತು.
ಇದನ್ನೂ ಹೇಳಬೇಕಲ್ಲ ಅವಳಿಗೆ.
ಹೇಳಿದೆ.

ಕಮಿಟಿ ಬಿಳಿ ಪೆಟ್ಟಿಗೆಯನ್ನೇ ತರಿಸಿತು. ತಪ್ಪೆನ್ನಲಾರೆ.
ಮೊದಲ ದಿನವೇ ಕನ್ನಡಿಯಂಥ ಕಿಟಕಿಪಟ್ಟಿ ಹೊರಬಂತು,
ಬಂದರಿನಲ್ಲಿ ಕಂಟೇನರು ತುಂಬಿತು,
ಬಿಸಿ ಹಲ್ವ ಹಂಚಿದರು, ನಾನೂ ಬೆರಳು ನೆಕ್ಕಿದೆ.

ಆಗಸ್ಟಿನ ಒಂದು ರಾತ್ರಿ ಅದು ನಿಂತುಬಿಟ್ಟಿತು.
ಪರದೆಯ ಮೇಲೊಂದು ಅಂಕಿ, ಕೆಳಗೊಂದು ಫೋನ್ ನಂಬರು.
ಒಂಬತ್ತು ದಿನ.
ಬಂದವನು ಸಣ್ಣ ಹುಡುಗ, ಬಿಸಿಲಿಗೆ ಮೂಗು ಸುಲಿದಿತ್ತು;
ನಮಗೆ ಬೆನ್ನು ಕೊಟ್ಟು ನಿಂತು ಏನೋ ಒತ್ತಿದ,
ಚಹಾ ಆರುವುದರೊಳಗೆ ಪೆಟ್ಟಿಗೆ ಗುಂಯ್‌ಗುಟ್ಟಿತು.
ಕಟ್ಟಿಕೊಟ್ಟ ಬುತ್ತಿ ಎಷ್ಟು ದಿನ ಬಂದೀತು ಅನ್ನುತ್ತಿದ್ದಳು ಅವ್ವ.
ಇವನು ಗಂಟನ್ನೂ ಬಿಚ್ಚಗೊಡದೆ ಉಣಿಸಿ ಹೋದ.
ಮೌಜಾ ಅಷ್ಟು ಹೊತ್ತೂ
ಅವನ ಮಣಿಕಟ್ಟನ್ನೇ ನೋಡುತ್ತಿದ್ದಳು.

ಶುಕ್ರವಾರ ಅವಳೂ ಅವಳ ತಮ್ಮನೂ
ವಾದಿ ಜಿಝ್ಝಿಯ ಕಡೆ ಕರೆದೊಯ್ದರು.
ಗುಡ್ಡದ ಮೈತುಂಬ ಕರೀ ಕಲ್ಲು, ಒಡೆದ ಗಾಜಿನ ಹೊಳಪು.
ಎತ್ತಿ ನೋಡಿದೆ: ಕಿಟ್ಟ.
ಸಾವಿರ ವರ್ಷದ ಹಿಂದಿನ ತಾಮ್ರದ ಕಿಟ್ಟ,
ಅದರಡಿ ಅದಕ್ಕೂ ಹಳೆಯದು.
"ನಾವು ತಡವಾಗಿ ಬಂದವರಂತೆ," ಅಂದಳು,
"ವರದಿಗಳಲ್ಲಿ ಹಾಗೇ ಬರೆಯುತ್ತಾರೆ."
ನಗುತ್ತಾಳೆಂದುಕೊಂಡೆ, ನಗಲಿಲ್ಲ.

ಇಷ್ಟು ಕಿಟ್ಟ ಬಿದ್ದಿರಬೇಕಾದರೆ
ಎಷ್ಟು ಕುಲುಮೆ ಬಿರಿದಿರಬೇಕು, ಎಷ್ಟು ಹುಬ್ಬು ಸುಟ್ಟಿರಬೇಕು.
ಆ ಕೈಗಳು ಯಾವಾಗ ಮರೆತವು?
ಮರೆಯುವುದಕ್ಕೆ ಎಷ್ಟು ತಲೆಮಾರು ಬೇಕು?
ಹರಿಹರಕ್ಕೆ ಒಂದೇ ಸಾಕಾಯಿತು.

ಈಗ ಹಿಂಬದಿ ಶೆಡ್ಡಿನಲ್ಲಿ
ಅಜ್ಮಾನಿನ ಗುಜರಿಯಿಂದ ತಂದ ಮಿಲ್ಲಿಂಗ್ ಮಶೀನು.
ಅರ್ಧ ದುಡ್ಡು ಅವಳದೇ; ಕಡತದಲ್ಲಿ ಅದರ ಹೆಸರು 'ತರಬೇತಿ ಸಾಮಗ್ರಿ'.
ನಾಲ್ಕು ಹುಡುಗರು. ಒಬ್ಬನ ಅಜ್ಜ
ಖರ್ಜೂರದ ಗರಿದಿಂಡು ಬಿಗಿದು ದೋಣಿ ಕಟ್ಟುತ್ತಿದ್ದನಂತೆ,
ನೀರು ಒಳಗೇ ಬರುವ ದೋಣಿ, ಆದರೂ ಮುಳುಗದು,
ಕಟ್ಟುವುದು ಹೇಗೆಂದು ಮೊಮ್ಮಗನಿಗೆ ಗೊತ್ತಿಲ್ಲ.
ನನ್ನ ವೀಸಾಕ್ಕೆ ಇನ್ನು ಏಳು ತಿಂಗಳು.
ಕೆಲಸ ಮೂರು ವರ್ಷದ್ದು.

ನಿನ್ನೆ ಮೊದಲ ಗೇರು ಕಡಿದರು.
ಲೆಕ್ಕ ತಪ್ಪಿ, ಕೊನೆಯ ಹಲ್ಲಿಗೆ ಜಾಗ ಸಾಲದೆ
ಅರ್ಧ ಹಲ್ಲು ಎದ್ದು ನಿಂತಿತ್ತು, ಮಗುವಿನ ಬಾಯಿಯ ಹಾಗೆ.
ನಾಲ್ವರೂ ನನ್ನ ಮುಖ ನೋಡಿದರು.
ಕಿವಿಗೆ ಹಿಡಿದು ತಟ್ಟಿದೆ.
"ಚೆನ್ನಾಗಿಯೇ ಕೆಟ್ಟಿದೆ" ಅಂದೆ,
ಅರಬ್ಬಿಯಲ್ಲಿ ಅದನ್ನು ಹೇಗನ್ನಬೇಕೋ ತೋಚದೆ,
ಡಬ್ಬಿಗೆ ಎಸೆಯಹೊರಟವನ ಕೈಯಿಂದ ಇಸಿದುಕೊಂಡು
ಕಿಟಕಿಯ ಹಲಗೆಯ ಮೇಲಿಟ್ಟೆ, ಒಂದು ತುದಿಗೆ,
ಉಳಿದವಕ್ಕೆ ಜಾಗ ಬಿಟ್ಟು.